ತಲೆಯಾಡಿಸಿದ್ದೆಲ್ಲ ಒಪ್ಪಿಗೆಯಲ್ಲ

ಸಂಪಾದಕರಿಗೆ,

ಮಾನ್ಯರೆ,

ಕಚೇರಿಯ ಕಿಟಕಿಯ ಮುಂದೆ ಕಿವಿ ಕೇಳದವರೊಬ್ಬರು ಬಂದು ನಿಂತರೆ ಒಳಗಿನಿಂದ ಬರುವ ಮೊದಲ ಮಾತು, ‘ಇವ್ರ ಸಂಗಡ ಯಾರ ಬಂದಾರ?’ ಎಂಬುದು. ಸಂಗಡ ಬಂದವರು ಸಿಕ್ಕರೆ ಮುಂದಿನ ಮಾತೆಲ್ಲ ಅವರ ಜೊತೆಗೇ. ಕೆಲಸ ಯಾರದೋ ಅವರು ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತ ನಿಲ್ಲುತ್ತಾರೆ. ಕೊನೆಗೆ ಗುಮಾಸ್ತರು ಅವರತ್ತ ತಿರುಗಿ, ಹೆಬ್ಬೆರಳೆತ್ತಿ, ‘ಗೊತ್ತಾತಿಲ್ಲೋ?’ ಎನ್ನುತ್ತಾರೆ. ಅವರು ತಲೆಯಾಡಿಸುತ್ತಾರೆ. ಕಡತದಲ್ಲಿ ‘ಓದಿ ಹೇಳಲಾಗಿದೆ, ಒಪ್ಪಿರುತ್ತಾರೆ’ ಎಂಬ ಸಾಲು ಬೀಳುತ್ತದೆ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಯ ದವಾಖಾನೆ, ಠಾಣೆ, ಬ್ಯಾಂಕು, ಉಪನೋಂದಣಿ ಕಚೇರಿಗಳಲ್ಲಿ ಒಪ್ಪಿಗೆಯ ಲೆಕ್ಕಕ್ಕೆ ಹೋಗುತ್ತಿರುವ ಈ ತಲೆಯಾಟದ ಬಗ್ಗೆಯೇ ನಮ್ಮ ಪತ್ರ.

ಸಂಜ್ಞಾ ಭಾಷೆ ಆಡುವವರು ಎದುರಿನವರನ್ನು ನೋಡುತ್ತ ತಲೆ ತೂಗುತ್ತಲೇ ಇರುತ್ತಾರೆ. ಫೋನಿನಲ್ಲಿ ನಾವು ‘ಹೂಂ... ಹೂಂ...’ ಅಂದಂತೆ ಅದು. ‘ನೋಡಲಿಕ್ಕತ್ತೇನಿ, ಮುಂದ ಹೇಳ್ರಿ’ ಎಂದಷ್ಟೇ ಅರ್ಥ. ಇನ್ನೊಂದು ಕಾರಣ ಅಷ್ಟು ನಿರಪಾಯದ್ದಲ್ಲ. ಮುಖ ಓದುವುದೇ ಜೀವನವಾಗಿರುವವರಿಗೆ ಎದುರಿನವರ ಬೇಸರ ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡಿದರೆ ಹುಬ್ಬು ಗಂಟಾಗುತ್ತದೆ, ಹಿಂದಿನ ಸಾಲು ಮಿಸುಕುತ್ತದೆ. ಆಗ ತಲೆಯಾಡಿಸಿ ಹೊರಗೆ ಬರುವುದೇ ಸುಲಭದ ದಾರಿ. ಚಿಕ್ಕಂದಿನಿಂದ ಕಲಿತ ರೂಢಿ ಇದು, ಓದಿದವರಲ್ಲೂ ಉಂಟು. ಆದ್ದರಿಂದ ‘ತಿಳಿಯಿತೇ?’ ಎಂಬ ಪ್ರಶ್ನೆಯನ್ನು ಯಾರೂ ಕೇಳಬಾರದು. ‘ಮತ್ತೆ ಯಾವಾಗ ಬರ್ತೀರಿ? ಏನೇನು ತರ್ತೀರಿ?’ ಎಂದು ಕೇಳಿ, ಅವರೇ ತಿರುಗಿ ತೋರಿಸಲಿ, ಇಲ್ಲವೇ ಬರೆಯಲಿ. ಗೋಡೆಯ ಕ್ಯಾಲೆಂಡರಿನ ಮೇಲೆ ತಾರೀಖಿಗೆ ಬೆರಳಿಡಲಿ. ಬೆರಳು ತಪ್ಪು ಮನೆಯ ಮೇಲೆ ಬಿದ್ದರೆ ಹೇಳಿದ್ದು ಮುಟ್ಟಿಲ್ಲ. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ.

ತುಟಿ ನೋಡಿ ತಿಳಿದುಕೊಳ್ಳುತ್ತಾರೆ, ನಿಧಾನ ಹೇಳಿದರೆ ಸಾಕು ಎನ್ನುವವರು ಬಹಳ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ‘ಮಾತ್ರೆ’ ಎನ್ನಿ, ‘ಪಾತ್ರೆ’ ಎನ್ನಿ. ಎರಡೂ ಒಂದೇ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಕ, ಗ ಗಂಟಲ ಹತ್ತಿರ ಹುಟ್ಟುತ್ತವೆ, ಹೊರಗೆ ಕಾಣುವುದೇ ಇಲ್ಲ. ‘ಎಪ್ಪತ್ತು’, ‘ಎಂಬತ್ತು’ ತುಟಿಯ ಮೇಲೆ ಅವಳಿ-ಜವಳಿ; ಬ್ಯಾಂಕಿನಲ್ಲಿ, ಸಂತೆಯಲ್ಲಿ ಜಗಳ ಹತ್ತುವುದು ಇಲ್ಲೇ. ಉಳಿದದ್ದನ್ನು ಸಂದರ್ಭ ನೋಡಿ ಊಹಿಸಬೇಕು. ವಿಷಯ ಮೊದಲೇ ಗೊತ್ತಿದ್ದರೆ ಊಹೆ ಕೂಡುತ್ತದೆ, ಹೊಸ ವಿಷಯವಾದರೆ ತಪ್ಪುತ್ತದೆ. ಕಚೇರಿಯಲ್ಲಿ ಹೇಳುವುದೆಲ್ಲ ಹೊಸತೇ ತಾನೆ? ಮೇಲಾಗಿ ತುಟಿ ಓದಲು ಆ ಭಾಷೆ ಮೊದಲು ಬರಬೇಕು. ಮಾತು ಕಲಿತ ಮೇಲೆ, ಜ್ವರದಿಂದಲೋ ವಯಸ್ಸಿನಿಂದಲೋ ಕಿವಿ ಹೋದವರಿಗೆ ಕನ್ನಡ ಒಳಗೆ ಕೂತಿರುತ್ತದೆ. ಹುಟ್ಟಿನಿಂದಲೇ ಕೇಳದವರಿಗೆ ಕನ್ನಡ ಎರಡನೆಯ ಭಾಷೆ, ಅದೂ ಕಣ್ಣಿನಿಂದಲೇ ಕಲಿತದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡರು, 60ರಿಂದ 70ರವರೆಗಿದ್ದರೆ ಮಂದಕಿವಿಯವರು ಎಂದು ಬೇರೆ ಮಾಡುತ್ತದೆ. ಮಾತುಕತೆಗೆ ಆ ಅಂಕಿಗಿಂತ ಮುಖ್ಯವಾದದ್ದು ಕಿವಿ ಯಾವ ವಯಸ್ಸಿನಲ್ಲಿ ಹೋಯಿತು, ಆಮೇಲೆ ಯಾವ ಭಾಷೆ ಸಿಕ್ಕಿತು ಎಂಬುದು. ಅದನ್ನು ಯಾವ ಅರ್ಜಿಯೂ ಕೇಳುವುದಿಲ್ಲ.

ಹಾಗಾದರೆ ಬರೆದು ತೋರಿಸೋಣವೇ? ತೋರಿಸಿ, ಆದರೆ ಹೇಗೆ ಬರೆಯುತ್ತೀರಿ ನೋಡಿ. ‘ನಿಗದಿತ ದಿನಾಂಕದೊಳಗಾಗಿ ಮೂಲ ದಾಖಲೆಗಳನ್ನು ಹಾಜರುಪಡಿಸದಿದ್ದಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗುವುದು’ ಎಂಬ ವಾಕ್ಯ ಕಿವಿ ನೆಟ್ಟಗಿರುವವರಿಗೇ ಎರಡು ಸಲ ಓದಬೇಕಾಗುತ್ತದೆ. ಸಂಜ್ಞಾ ಭಾಷೆಯಲ್ಲಿ ಯೋಚಿಸುವವರಿಗೆ ಕನ್ನಡದ ವಿಭಕ್ತಿ ಪ್ರತ್ಯಯಗಳೂ ‘-ದಿದ್ದಲ್ಲಿ’, ‘-ಲಾಗುವುದು’ ಎಂಬ ಬಾಲಗಳೂ ದೊಡ್ಡ ತೊಡಕು. ‘ರೇಷನ್ ಕಾರ್ಡ್ ಬೇಕು. ಆಧಾರ್ ಬೇಕು. ಸೋಮವಾರ, 14ನೇ ತಾರೀಖು, ಬೆಳಿಗ್ಗೆ 10:30ಕ್ಕೆ ಬನ್ನಿ. ಕಾಗದ ಇಲ್ಲ ಎಂದರೆ ಹಣ ಇಲ್ಲ’ ಎಂದು ಬರೆದರೆ ಮುಟ್ಟುತ್ತದೆ. ಸಾಲಿಗೆ ಒಂದೇ ವಿಷಯ, ಸಂಖ್ಯೆ ಅಂಕಿಯಲ್ಲಿ, ವಾರ ಮತ್ತು ತಾರೀಖು ಎರಡೂ. ‘ಮಂಗಳವಾರ ಬಿಟ್ಟು ಬರ್ರಿ’, ‘ಎಂಟು ದಿನಾ ಬಿಟ್ಟು ನೋಡೋಣು’ ಎಂಬ ನಮ್ಮ ಕಡೆಯ ಮಾತುಗಳು ಚೀಟಿಯಲ್ಲಿ ಬೇಡ. ಕೆಲವರು ಮಂಗಳವಾರವೇ ಬಂದು ನಿಲ್ಲುತ್ತಾರೆ.

ಅವರು ಬರೆದು ಕೊಡುವ ಚೀಟಿ ಓದುವಾಗಲೂ ಇದು ನೆನಪಿರಲಿ. ‘ನಿನ್ನೆ ರಾತ್ರಿ ಹೊಟ್ಟೆ ನೋವು ಶುರು ಊಟ ಇಲ್ಲ ನಿದ್ದೆ ಇಲ್ಲ’ ಎಂಬ ಬರಹದಲ್ಲಿ ವ್ಯಾಕರಣ ತಪ್ಪಿರಬಹುದು, ರೋಗದ ವಿವರ ಒಂದೂ ತಪ್ಪಿಲ್ಲ. ಕಾಲ ಮೊದಲು, ಆಮೇಲೆ ವಿಷಯ, ‘ಇಲ್ಲ’ ಎಂಬುದು ಕೊನೆಗೆ: ಇದು ಸಂಜ್ಞಾ ಭಾಷೆಯ ಕ್ರಮ. ಇಂಥ ಚೀಟಿ ನೋಡಿ ಬುದ್ಧಿ ಕಡಿಮೆ ಎಂದು ಷರಾ ಎಳೆಯುವವರು ಇನ್ನೂ ಇದ್ದಾರೆ.

ಸಂಗಡ ಬಂದವರ ವಿಷಯಕ್ಕೆ ಬರೋಣ. ಅಣ್ಣ, ಅವ್ವ, ಹೆಂಡತಿ ಯಾರೇ ಆಗಲಿ, ಅವರು ದುಭಾಷಿಗಳಲ್ಲ. ಹೆಚ್ಚಿನ ಮನೆಗಳಲ್ಲಿ ಕೇಳಿಸುವವರಿಗೆ ಸಂಜ್ಞಾ ಭಾಷೆ ಬರುವುದೇ ಇಲ್ಲ. ಉಣ್ಣು, ಮಲಗು, ರೊಕ್ಕ, ಹೊಲ, ದನ, ಸಿಟ್ಟು ಎಂಬಷ್ಟಕ್ಕೆ ಮನೆಯಲ್ಲೇ ಹುಟ್ಟಿದ ಕೈಸನ್ನೆಗಳಿರುತ್ತವೆ. ವೈದ್ಯರು ಹತ್ತು ನಿಮಿಷ ಹೇಳಿದ್ದು ‘ಗುಳಿಗಿ ತಗೋ, ಆರಾಮ ಆಗ್ತದ’ ಎಂಬ ಎರಡು ಸನ್ನೆಗೆ ಇಳಿಯುವುದು ಇದಕ್ಕೇ. ಕೆಲವೊಮ್ಮೆ ಸನ್ನೆ ಇದ್ದರೂ ಮನೆಯವರು ಹೇಳುವುದಿಲ್ಲ. ಗರ್ಭಕೋಶದ ವಿಷಯ, ಗಡ್ಡೆಯ ವಿಷಯ ‘ಅಕಿಗೆ ಯಾಕ’ ಎಂದು ಬಿಟ್ಟುಬಿಡುತ್ತಾರೆ. ತಂದೆ-ತಾಯಿ ಇಬ್ಬರೂ ಕಿವುಡರಾಗಿದ್ದು ಮಗು ಕೇಳಿಸುವಂಥದ್ದಾದರೆ ಆ ಮಗುವನ್ನೇ ನಡುವೆ ನಿಲ್ಲಿಸುತ್ತಾರೆ. ಹತ್ತು ವರ್ಷದ ಹುಡುಗಿ ತಾಯಿಗೆ ಕ್ಯಾನ್ಸರ್ ಎಂದು ಯಾವ ಕೈಯಿಂದ ಹೇಳಬೇಕು? ವಾಟ್ನಿ ಪತ್ರ (ಆಸ್ತಿ ಪಾಲು ಮಾಡುವ ಪತ್ರ), ಹಕ್ಕು ಬಿಟ್ಟುಕೊಡುವ ಪತ್ರಗಳಲ್ಲಿ ಅನ್ಯಾಯ ಇನ್ನೂ ನೇರ: ಹೊಲದಲ್ಲಿ ಪಾಲು ಇರುವ ತಮ್ಮನೇ ಕಿವುಡ ಅಣ್ಣನ ದುಭಾಷಿ. ಬಂಧುಗಳು ಬರಲಿ, ಪಕ್ಕದಲ್ಲಿ ಕೂರಲಿ, ಧೈರ್ಯ ಕೊಡಲಿ. ಸಹಿ, ಹೆಬ್ಬೆಟ್ಟು, ಶಸ್ತ್ರಚಿಕಿತ್ಸೆ, ಹೇಳಿಕೆ ಈ ನಾಲ್ಕರಲ್ಲಿ ಮಾತ್ರ ಅವರ ಬಾಯಿಂದ ಬಂದದ್ದು ಲೆಕ್ಕಕ್ಕೆ ಬರಬಾರದು. 2016ರ ಕಾಯ್ದೆಯ 10ನೇ ಕಲಮು, ಸ್ವತಂತ್ರವಾದ ಮತ್ತು ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಅಂಗವಿಕಲರಿಗೆ ಸಂತಾನಶಕ್ತಿ ಕಳೆಯುವ ಯಾವ ಚಿಕಿತ್ಸೆಯನ್ನೂ ಮಾಡಕೂಡದು ಎನ್ನುತ್ತದೆ. ಅತ್ತೆ ತಲೆಯಾಡಿಸಿದರೆ ಸೊಸೆ ಒಪ್ಪಿದಂತಾಗುವುದಿಲ್ಲ. ಸೊಸೆಯೇ ತಲೆಯಾಡಿಸಿದರೂ ಮೇಲಿನ ಕಾರಣಕ್ಕೆ ಅದು ಸಾಲದು.

ದವಾಖಾನೆಗಳಿಗೆ ಇನ್ನಷ್ಟು ಹೇಳಬೇಕಾಗಿದೆ. ಸಲೈನ್ ಸೂಜಿಯನ್ನು ಬಲಗೈಯವರಿಗೆ ಎಡಗೈಗೆ, ಎಡಗೈಯವರಿಗೆ ಬಲಗೈಗೆ ಚುಚ್ಚಿ, ಮಣಿಕಟ್ಟು ಬಿಟ್ಟು ಮೇಲೆ ಚುಚ್ಚಿ. ಸನ್ನೆ ಮಾಡುವ ಕೈಗೆ ಪಟ್ಟಿ ಬಿಗಿದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆಯೇ. ಎಕ್ಸ್‌ರೇ ಕೋಣೆಯಲ್ಲಿ ತಂತ್ರಜ್ಞರು ಗಾಜಿನ ಹಿಂದಿನಿಂದ ‘ಉಸಿರು ಹಿಡೀರಿ’ ಎಂದು ಕೂಗುತ್ತಾರೆ, ರೋಗಿ ಉಸಿರಾಡುತ್ತಲೇ ಇರುತ್ತಾರೆ, ಚಿತ್ರ ಮಸಕಾಗುತ್ತದೆ, ಮತ್ತೆ ತೆಗೆಯುತ್ತಾರೆ. ಒಳಗೆ ಹೋಗುವ ಮೊದಲೇ ಎರಡು ಸನ್ನೆ ಗೊತ್ತುಮಾಡಿಕೊಳ್ಳಿ: ಮುಷ್ಟಿ ಮುಚ್ಚಿದರೆ ಹಿಡಿ, ತೆರೆದರೆ ಬಿಡು. ಹೆರಿಗೆ ಕೋಣೆಗೆ ಮೂರನೆಯದು ಬೇಕು, ಮುಕ್ಕು ಎನ್ನುವುದಕ್ಕೆ; ನೋವು ಶುರುವಾದ ಮೇಲೆ ಕಲಿಸಲು ಆಗದು. ಕಣ್ಣು ಪರೀಕ್ಷೆಗೆ ದೀಪ ಆರಿಸಿದರೆ ಮಾತೇ ನಿಂತಂತೆ, ಆದ್ದರಿಂದ ಏನು ಮಾಡುತ್ತೀರಿ ಎಂಬುದನ್ನೆಲ್ಲ ಆರಿಸುವ ಮೊದಲು ತೋರಿಸಿ. ಎಂಆರ್‌ಐಗೆ ಶ್ರವಣಯಂತ್ರ ತೆಗೆಸಬೇಕು. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಕೂರಿಸಿದ ಶ್ರವಣ ಸಾಧನ) ಇದ್ದರೆ ತಜ್ಞರನ್ನು ಕೇಳದೆ ಒಳಗೆ ಕಳಿಸಲೇಬಾರದು. ಮಾಸ್ಕ್ ಹಾಕಿದ ಮುಖದಲ್ಲಿ ತುಟಿಯೂ ಇಲ್ಲ, ಭಾವವೂ ಇಲ್ಲ. ಔಷಧದ ಚೀಟಿಯಲ್ಲಿ 1–0–1 ಎಂಬುದರ ಪಕ್ಕ ಸೂರ್ಯ, ಚಂದ್ರ, ತಟ್ಟೆ ಬರೆದು, ಮಾತ್ರೆ ತಟ್ಟೆಯ ಮೊದಲೋ ಆಮೇಲೋ ಎಂದು ಬಾಣ ಎಳೆಯಿರಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗ–ಹಾವೇರಿಯ ವೈದ್ಯಕೀಯ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್‌ಗೆ ಬರುವವರಿಗೆ ಇಷ್ಟನ್ನು ಅರ್ಧ ದಿನದಲ್ಲಿ ಕಲಿಸಬಹುದು. ಕಲಿಸುವವರು ಕಿವುಡರೇ ಆಗಿರಲಿ, ಅವರಿಗೆ ಸಂಭಾವನೆಯೂ ಇರಲಿ.

ದುಭಾಷಿ ಬಂದರೆಂದರೆ ಎಲ್ಲವೂ ಮುಗಿಯಿತು ಎಂದಲ್ಲ. ಅವರನ್ನು ಕಿವುಡರ ಪಕ್ಕ ಕೂರಿಸುವುದು ಸಾಮಾನ್ಯ ತಪ್ಪು. ದುಭಾಷಿ ಅಧಿಕಾರಿಯ ಪಕ್ಕದಲ್ಲಿ, ತುಸು ಹಿಂದಕ್ಕೆ ಇರಬೇಕು. ಆಗ ಕಿವುಡರಿಗೆ ಅಧಿಕಾರಿಯ ಮುಖ, ದುಭಾಷಿಯ ಕೈ ಒಂದೇ ನೋಟಕ್ಕೆ ಸಿಗುತ್ತವೆ. ಬೆಳಕು ಅವರಿಬ್ಬರ ಮುಖದ ಮೇಲೆ ಬೀಳಲಿ. ಬೆನ್ನಿಗೆ ಕಿಟಕಿ ಇದ್ದರೆ ಕಾಣುವುದು ಕಪ್ಪು ನೆರಳು ಮಾತ್ರ. ‘ಅವ್ರಿಗೆ ಕೇಳ್ರಿ, ಯಾವಾಗಿಂದ ಅಂತ’ ಎಂದು ದುಭಾಷಿಗೆ ಹೇಳಬೇಡಿ. ‘ಯಾವಾಗಿಂದ್ರಿ?’ ಎಂದು ಕಿವುಡರನ್ನೇ ನೋಡಿ ಕೇಳಿ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಬ್ಬರೇ ದುಭಾಷಿ ಮಾಡಿದರೆ ಮಾತು ಸೋರತೊಡಗುತ್ತದೆ, ಅವರಿಗೇ ಗೊತ್ತಾಗದಂತೆ. ವಿಚಾರಣೆ, ಸಭೆಗಳಿಗೆ ಇಬ್ಬರು ಬೇಕು. ಭಾರತೀಯ ಸಂಜ್ಞಾ ಭಾಷೆಯಲ್ಲಿ ಹೌದು-ಅಲ್ಲ ಎಂಬ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ. ಏನು, ಯಾರು, ಎಲ್ಲಿ ಎಂಬುದಕ್ಕೂ ಮುಖಭಾವ, ತಲೆಯ ಭಂಗಿ ಬದಲಾಗುತ್ತವೆ. ಅದು ವ್ಯಾಕರಣ. ‘ಸಿಟ್ಟಿಲೆ ಮಾತಾಡ್ತಾನ’ ಎಂದು ಠಾಣೆಯಲ್ಲಿ ಬರೆದುಕೊಳ್ಳುವ ಮೊದಲು ಇದು ತಿಳಿದಿರಲಿ.

ಇನ್ನು ಶಾಲೆಯ ಮುಖವನ್ನೇ ಕಾಣದವರು. ಮುಂಡರಗಿ, ಶಿರಹಟ್ಟಿ, ಹಾನಗಲ್, ಸವಣೂರು ಕಡೆಯ ಹಳ್ಳಿಯಲ್ಲಿ ನಲವತ್ತು–ಐವತ್ತು ದಾಟಿದ, ಇನ್ನೊಬ್ಬ ಕಿವುಡರನ್ನೇ ನೋಡದೆ ಬೆಳೆದ ವ್ಯಕ್ತಿಗೆ ನಗರದ ದುಭಾಷಿಯ ಸಂಜ್ಞಾ ಭಾಷೆಯೂ ಪರಭಾಷೆಯೇ. ಇವರಿಗೆ ಎರಡು ಮೆಟ್ಟಿಲಿನ ವ್ಯವಸ್ಥೆ ಬೇಕು. ಅನುಭವಿ ಕಿವುಡರೊಬ್ಬರು ಮುಂದೆ ಕೂತು ಮನೆಸನ್ನೆ, ಅಭಿನಯ, ಚಿತ್ರ, ನಿಜವಾದ ವಸ್ತುಗಳಿಂದ ಅವರ ಮಾತನ್ನು ಹೊರತೆಗೆಯುತ್ತಾರೆ, ಅದನ್ನು ಸಂಜ್ಞಾ ಭಾಷೆಗೆ ತರುತ್ತಾರೆ. ಕೇಳಿಸುವ ದುಭಾಷಿ ಅಲ್ಲಿಂದ ಕನ್ನಡಕ್ಕೆ ತರುತ್ತಾರೆ. ಹೊತ್ತು ಎರಡು-ಮೂರು ಪಟ್ಟು ಹಿಡಿಯುತ್ತದೆ. ಹೌದು-ಅಲ್ಲ ಎಂಬ ಪ್ರಶ್ನೆ ಇಲ್ಲಿ ಸಂಪೂರ್ಣ ನಿಷಿದ್ಧ, ಏಕೆಂದರೆ ಉತ್ತರ ಯಾವಾಗಲೂ ಹೌದೇ. ಊರಿನ ನಕಾಶೆ, ಮನೆಯ ಫೋಟೊ, ಹಬ್ಬಗಳಿರುವ ಕ್ಯಾಲೆಂಡರ್ ಮೇಜಿನ ಮೇಲಿಡಿ. ತಾರೀಖು ಗೊತ್ತಿಲ್ಲದವರು ಕಾರಹುಣ್ಣಿಮೆಯ ಎತ್ತು, ಜಾತ್ರೆಯ ತೇರು ತೋರಿಸಿ ಕಾಲ ಹೇಳುತ್ತಾರೆ. ಆ ಮನೆಸನ್ನೆ ಬಲ್ಲ ನೆರೆಯವರು, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸನ್ನೆಗಳ ಅರ್ಥ ತಿಳಿಸಿಕೊಡಬಹುದು. ಹೇಳಿಕೆಯನ್ನೇ ಅವರ ಬಾಯಿಂದ ಬರೆಸಿಕೊಳ್ಳುವುದು ಬೇರೆ ಮಾತು, ಅದು ಕೂಡದು.

ಕಾನೂನು ಇಲ್ಲಿ ನಾವು ಅಂದುಕೊಂಡಿದ್ದಕ್ಕಿಂತ ಮುಂದಿದೆ. ಬಾಯಿಂದ ಹೇಳಲಾಗದ ಸಾಕ್ಷಿ ಬರೆದು ಅಥವಾ ಸನ್ನೆಯಿಂದ ಸಾಕ್ಷ್ಯ ನುಡಿಯಬಹುದು. ಅದಕ್ಕೆ ದುಭಾಷಿ ಇಲ್ಲವೇ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ವಿಡಿಯೊ ಆಗಬೇಕು ಎಂಬುದು ಹಳೆಯ ಸಾಕ್ಷ್ಯ ಕಾಯ್ದೆಯ 119ನೇ ಕಲಮಿನಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 125ರಲ್ಲಿದೆ. ಸಾಕ್ಷಿಯ ಸನ್ನೆಯನ್ನೂ ದುಭಾಷಿ ಮಾಡಿದ ಅರ್ಥವನ್ನೂ ಎರಡನ್ನೂ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ರಾಜಸ್ಥಾನ ಸರ್ಕಾರ ಮತ್ತು ದರ್ಶನ್ ಸಿಂಗ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಅಂಗವಿಕಲ ಮಹಿಳೆ ಲೈಂಗಿಕ ಅಪರಾಧದ ದೂರು ಕೊಡುವಾಗ ಪೊಲೀಸರೇ ಆಕೆಯ ಮನೆಗೋ ಆಕೆಗೆ ಅನುಕೂಲವಾದ ಸ್ಥಳಕ್ಕೋ ಹೋಗಿ, ದುಭಾಷಿಯ ಎದುರು ಬರೆದುಕೊಂಡು, ವಿಡಿಯೊ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿ) 173ನೇ ಕಲಮು ವಿಧಿಸುತ್ತದೆ. ವಿಡಿಯೊದಲ್ಲಿ ಎಡವಟ್ಟಾಗುವುದು ಚೌಕಟ್ಟಿನಲ್ಲಿ: ಕ್ಯಾಮೆರಾ ಮುಖಕ್ಕೆ ಹಿಡಿದರೆ ಕೈ ಹೊರಗುಳಿಯುತ್ತದೆ. ಸೊಂಟದಿಂದ ನೆತ್ತಿಯ ಮೇಲೆ ಒಂದು ಗೇಣಿನವರೆಗೆ, ಎರಡೂ ಮೊಣಕೈ ಚಾಚುವಷ್ಟು ಅಗಲ ಬೇಕು; ದುಭಾಷಿಯೂ ಅದರಲ್ಲೇ ಕಾಣಬೇಕು, ಇಲ್ಲವೇ ಎರಡು ಕ್ಯಾಮೆರಾ. ಬೇಡಿ ಹಾಕಿ ಹೇಳಿಕೆ ಕೇಳುವುದಂತೂ ನಗೆಪಾಟಲು. 2024ರ ಏಪ್ರಿಲ್‌ನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ವಾದ ಮಂಡಿಸಿದ್ದನ್ನು ಪತ್ರಿಕೆಗಳೆಲ್ಲ ಬರೆದವು. ವಕೀಲರಿಗೆ ಸಿಕ್ಕಿದ್ದು ತಾಲ್ಲೂಕು ನ್ಯಾಯಾಲಯಕ್ಕೆ ಬರುವ ಕಕ್ಷಿದಾರನಿಗೂ ಸಿಗಲಿ.

ದಿನನಿತ್ಯದ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇವೆ. ಅರ್ಜಿಗಳಲ್ಲಿ ಮೊಬೈಲ್ ಸಂಖ್ಯೆಯ ಪಕ್ಕ ‘ಕರೆ ಬೇಡ, ಸಂದೇಶ ಕಳಿಸಿ’ ಎಂಬ ಒಂದು ಚೌಕ ಬೇಕು. ‘ಫೋನ್ ಮಾಡಿದ್ವಿ, ಎತ್ತಲಿಲ್ಲ’ ಎಂದು ರದ್ದಾಗುವ ಅರ್ಜಿಗಳು ಅದರಿಂದಲೇ ಅರ್ಧ ತಪ್ಪುತ್ತವೆ. ಹೆಸರು ಕೂಗುವ ಕಡೆ ಅಂಕಿಯ ಫಲಕ ಇರಲಿ, ಅದಕ್ಕೆ ದುಡ್ಡಿಲ್ಲದಿದ್ದರೆ ಪಾಟಿಯ ಮೇಲೆ ಸೀಮೆಸುಣ್ಣದಿಂದ ಬರೆದರೂ ಆದೀತು. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಫಲಕದ ಮೇಲೆ ಬರುವುದು ಕಿವುಡರಿಗೆ ಎಷ್ಟು ದೊಡ್ಡ ಉಪಕಾರ ಎಂದು ಅದನ್ನು ಹಾಕಿದವರಿಗೂ ಗೊತ್ತಿರಲಿಕ್ಕಿಲ್ಲ. ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಇದೆ. ಗಾಡಿ ನಿಲ್ಲುವ ಜಾಗ ಬದಲಾದದ್ದು ಧ್ವನಿವರ್ಧಕದಲ್ಲಷ್ಟೇ ಬಂದರೆ ಗತಿಯೇನು ಎಂದು ಲೆಕ್ಕ ಹಾಕಿ. ಮಾತನ್ನು ಅಕ್ಷರಕ್ಕಿಳಿಸುವ ಮೊಬೈಲ್ ಆ್ಯಪ್‌ಗಳು ಕನ್ನಡದಲ್ಲೂ ಇವೆ, ಓದಲು ಬರುವವರಿಗೆ ಉಪಯೋಗ. ಫೋನು ಮಾತಾಡುವವರ ಬಾಯಿಗೆ ಒಂದು ಅಡಿಯೊಳಗಿರಲಿ, ಫ್ಯಾನು ಆರಿಸಿ, ಪುಸ್ತಕದ ಕನ್ನಡ ಆಡಿ. ‘ಹೋಗ್ಯಾರ್ರಿ’, ‘ಬಂದಿದ್ದಿಲ್ರಿ’ ಎಂಬ ನಮ್ಮ ಧಾರವಾಡ ಮಾತನ್ನು ಅದು ಏನೇನೋ ಮಾಡಿಬಿಡುತ್ತದೆ.

ಇಷ್ಟೆಲ್ಲ ತೊಡಕು ಹೇಳಿದ ಮೇಲೆ, ಕಿವುಡರು ತಮ್ಮೊಳಗೆ ಮಾತಾಡುವುದನ್ನು ನೋಡದವರಿಗೆ ತಪ್ಪು ಚಿತ್ರ ಮೂಡೀತು. ಅಲ್ಲಿ ತೊಡಕೇ ಇಲ್ಲ. ಕೂರುವುದು ದುಂಡಗೆ, ಎಲ್ಲರ ಕೈ ಎಲ್ಲರಿಗೂ ಕಾಣುವಂತೆ. ಕರೆಯಲು ಭುಜ ತಟ್ಟುತ್ತಾರೆ, ನೆಲ ಒದೆಯುತ್ತಾರೆ, ದೀಪ ಹತ್ತಿಸಿ ಆರಿಸುತ್ತಾರೆ. ಪ್ರತಿಯೊಬ್ಬರಿಗೂ ಗೆಳೆಯರು ಕೊಟ್ಟ ಸನ್ನೆಹೆಸರು ಇರುತ್ತದೆ, ಗಲ್ಲದ ಮಚ್ಚೆಯೋ ಮೀಸೆಯ ತಿರುವೋ ಅದಕ್ಕೆ ಆಧಾರ. ವಿಡಿಯೊ ಕರೆಗೆ ಫೋನನ್ನು ಚೊಂಬಿಗೆ ಆನಿಸಿಟ್ಟು ಎರಡೂ ಕೈ ಖಾಲಿ ಮಾಡಿಕೊಳ್ಳುತ್ತಾರೆ. ಕೇಳಿಸುವವರೊಬ್ಬರು ಬಂದರೆಂದರೆ ಆ ಓಟ ತಟ್ಟನೆ ನಿಧಾನವಾಗುತ್ತದೆ. ಸನ್ನೆ ಸರಳವಾಗುತ್ತದೆ, ತುಟಿಯ ಮೇಲೆ ಕನ್ನಡದ ಪದ ಮೂಡುತ್ತದೆ. ನಮಗಾಗಿ ಭಾಷೆ ಬದಲಿಸುವ ಕೆಲಸವನ್ನು ಪ್ರತಿ ಸಲ ಅವರೇ ಮಾಡುತ್ತ ಬಂದಿದ್ದಾರೆ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಕಲಿಸಬೇಕು ಎಂದು ಗೊತ್ತುವಳಿ ಮಾಡಿದ ಮೇಲೆ ಲೋಕದ ಎಷ್ಟೋ ಕಡೆ ಮಕ್ಕಳ ಕೈ ಕಟ್ಟಿದರು. ಹಾಸ್ಟೆಲಿನಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸಿ ಸನ್ನೆಯನ್ನು ಉಳಿಸಿಕೊಂಡರು. ಅದಕ್ಕೇ ವಾರ, ಬಣ್ಣ, ನೆಂಟಸ್ತಿಕೆಯ ಸನ್ನೆಗಳು ಇಂದಿಗೂ ಊರೂರಿಗೆ ಬೇರೆ.

ಕಲಿಯಬೇಕೆನ್ನುವವರಿಗೆ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟು ಇದೆ. 2018ರಲ್ಲಿ 3,000 ಪದಗಳಿದ್ದವು, 2021ಕ್ಕೆ 10,000 ಆದವು. ಕೇಂದ್ರ ಸರ್ಕಾರದ ಶೈಕ್ಷಣಿಕ ಟಿವಿ ಯೋಜನೆ ಪಿಎಂ ಇ-ವಿದ್ಯಾದ 31ನೇ ವಾಹಿನಿ ಸಂಜ್ಞಾ ಭಾಷೆಗೇ ಮೀಸಲು. ವಾಕ್ಯದ ಕ್ರಮ ಕನ್ನಡದವರಿಗೆ ಹೊಸತೇನಲ್ಲ, ಕ್ರಿಯಾಪದ ನಮ್ಮಂತೆಯೇ ಕೊನೆಗೆ. ನಿಘಂಟಿನಿಂದ ಐವತ್ತು ಸನ್ನೆ ಕಲಿತ ಗುಮಾಸ್ತರು ದುಭಾಷಿಯಾಗುವುದಿಲ್ಲ ಎಂಬುದೂ ನೆನಪಿರಲಿ. ನಮಸ್ಕಾರ, ಕೂರಿ, ಎಷ್ಟು, ಯಾವಾಗ, ಇಲ್ಲ, ನಾಳೆ ಎನ್ನಲು ಅದು ಸಾಕು, ಒಪ್ಪಿಗೆ ಪತ್ರಕ್ಕೆ ಸಾಲದು.

ಕೊನೆಯದು ಪತ್ರಿಕೆಗೇ. ‘ಮೂಗ’, ‘ಮೂಕ-ಬಧಿರ’ ಎಂಬ ಪದಗಳು ಶೀರ್ಷಿಕೆಯಲ್ಲಿ ಇನ್ನೂ ಬರುತ್ತಿವೆ. ಕಿವುಡರು ಎಂದರೆ ಸಾಕು, ಅವರಿಗೆ ಭಾಷೆ ಇದೆ. ಗ್ರಾಮಸಭೆ, ಶಿಬಿರಗಳ ಪ್ರಕಟಣೆಯಲ್ಲಿ ‘ಕರೆ ಮಾಡಿ’ ಎಂಬುದರ ಪಕ್ಕದಲ್ಲಿ ವಾಟ್ಸ್‌ಆ್ಯಪ್ ಸಂಖ್ಯೆಯನ್ನೂ ಕೇಳಿ ಹಾಕಿ. ಕಿವುಡರ ಬಗ್ಗೆ ಸುದ್ದಿ ಮಾಡುವಾಗ ವರದಿಗಾರರು ಮನೆಯವರು ಹೇಳಿದ್ದನ್ನು ಅವರದೇ ಮಾತೆಂಬಂತೆ ಉದ್ಧರಣ ಚಿಹ್ನೆಯೊಳಗೆ ಹಾಕದಿರಲಿ. ದುಭಾಷಿ ಸಿಗದಿದ್ದರೆ ‘ಅಣ್ಣ ಹೀಗೆ ಹೇಳಿದರು’ ಎಂದೇ ಬರೆಯಲಿ.

— ಸಂಜ್ಞಾ ಭಾಷೆ ಕಲಿಸುವ ಮತ್ತು ದುಭಾಷಿ ಕೆಲಸ ಮಾಡುವ ಕೆಲವರು,
ಹುಬ್ಬಳ್ಳಿ–ಧಾರವಾಡ